ತವರುಮನೆಗೆ ಹತ್ತು ಸುತ್ತು

ಹಿರೇಹೊಳಿ ಎಂಬ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹನ್ನೆರಡು ವರ್ಷ ಕಳೆದಿದ್ದರೂ ಅಲ್ಲಿನ ಜನ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಳಗಾದರೆ ಗಾಡಿ ಹತ್ತಿ ‘ಕಿಲ್ಲೆ ಓಣಿ’ ಎನ್ನುತ್ತಿದ್ದರು, ‘ಕುಂಬಾರ ಗಲ್ಲಿ, ಬೇವಿನ ಗಿಡದ ಮನಿ’ ಎನ್ನುತ್ತಿದ್ದರು. ಕಿಲ್ಲೆ ಓಣಿಯಲ್ಲಿ ಈಗ ಮೀನುಗಳು ಸಂಸಾರ ಹೂಡಿದ್ದವು. ಆದರೂ ಚಾಲಕನಿಲ್ಲದ ಆ ಗಾಡಿ ಮರುಮಾತಾಡದೆ ಹೊರಟು, ಗುಡ್ಡದ ಮೇಲೆ ಕಟ್ಟಿಕೊಟ್ಟ ಹೊಸ ಊರಿನ ಯಾವುದೋ ಸೆಕ್ಟರಿನ ಯಾವುದೋ ನಂಬರಿನ ಮನೆಯೆದುರು ನಿಲ್ಲುತ್ತಿತ್ತು. ಇಳಿಯುವವರಿಗೆ ಬೇಕಾದ ಮನೆ ಅದೇ ಆಗಿರುತ್ತಿತ್ತು. ತಾವಿರುವುದು ಎಷ್ಟನೇ ಸೆಕ್ಟರು ಎಂದು ಕೇಳಿದರೆ ಊರಿನ ಹಿರಿಯರು, ಹೆಂಡತಿಯ ಹೆಸರು ಹೇಳಬೇಕಾಗಿ ಬಂದವರಂತೆ, ನಕ್ಕು ಸುಮ್ಮನಾಗುತ್ತಿದ್ದರು. ಹೊಸ ಊರಿನಲ್ಲೇ ಹುಟ್ಟಿದ ಮಕ್ಕಳೂ ತಾವು ಕಿಲ್ಲೆ ಓಣಿಯವರೆಂದೇ ಜಗಳಾಡುತ್ತಿದ್ದರು.

ಈ ಮಾಯೆ ನಡೆಯುತ್ತಿದ್ದದ್ದು ವಿಳಾಸ ಕೇಂದ್ರದ ಒಂದು ತಣ್ಣನೆಯ ಕೋಣೆಯಲ್ಲಿ. ಅಲ್ಲಿನ ಯಜಮಾನಿ ನೀಲಾಂಬಿಕೆ ಕಲಾದಗಿ. ಊರಿಗೆಲ್ಲ ನೀಲಕ್ಕ. ಮಾಯೆ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಇದು ಹಳೆಯ ಕಾಲದ ವೆಬ್‌ಸೈಟುಗಳ ಸರ್ವರ್ ಮಾಡುತ್ತಿದ್ದ ಕೆಲಸವೇ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಆಗ ಜನ ಪುಟದ ವಿಳಾಸವನ್ನು ಕೇಳುತ್ತಿದ್ದರು. ಪುಟ ಆ ಜಾಗದಲ್ಲಿ ಇರುತ್ತಲೇ ಇರಲಿಲ್ಲ. ಸರ್ವರ್ ತನ್ನ ನಿಯಮಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದಿ, ಕೇಳಿದ ವಿಳಾಸ ಯಾವ ನಮೂನೆಗೆ ಹೊಂದುತ್ತದೋ ಅದರಂತೆ ಅದನ್ನು ತಿದ್ದಿ, ಪುಟ ನಿಜವಾಗಿ ಇರುವಲ್ಲಿಂದ ತೆಗೆದುಕೊಡುತ್ತಿತ್ತು. ಇಲ್ಲಿ ಪುಟದ ಬದಲು ಮನೆ, ಅಷ್ಟೇ. ಕೆಲವು ನಿಯಮಗಳ ಕೊನೆಗೆ ‘ಸಾಕು’ ಎಂಬ ಗುರುತು ಇರುತ್ತದೆ. ಅದು ಬಂತೆಂದರೆ ಸರ್ವರ್ ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಕೆಳಗೆ ವೇದವೇ ಬರೆದಿದ್ದರೂ ಕಣ್ಣೆತ್ತಿ ನೋಡುವುದಿಲ್ಲ.

ತಿರುಗಿಸುವುದರಲ್ಲೂ ಎರಡು ಬಗೆ. ಒಂದು, ಹೇಳಿ ತಿರುಗಿಸುವುದು: ‘ನೀವು ಕೇಳಿದ ಮನೆ ಅಲ್ಲಿಲ್ಲ, ಇಂಥಲ್ಲಿಗೆ ಹೋಗಿದೆ, ಇನ್ನು ಮೇಲೆ ಇದನ್ನೇ ಕೇಳಿ’ ಎಂದು ತಿಳಿಸಿ ಒಯ್ಯುವುದು. ಇನ್ನೊಂದು, ಹೇಳದೆ ತಿರುಗಿಸುವುದು: ತುಟಿ ಬಿಚ್ಚದೆ ಒಯ್ದು ಇಳಿಸುವುದು. ಊರು ಎದ್ದು ಬಂದ ಹೊಸದರಲ್ಲಿ ಕೇಂದ್ರವನ್ನು ಕಟ್ಟಿದವರು ದಸ್ತಗೀರ ಮುಲ್ಲಾ ಸಾಹೇಬರು. ಗಾಡಿ ಹತ್ತಿದಾಗಲೊಮ್ಮೆ ‘ನಿಮ್ಮ ಓಣಿ ಈಗ ಇಲ್ಲ’ ಎಂದು ಜನಕ್ಕೆ ಹೇಳುವುದು ಹೆಣದ ಮುಂದೆ ಲೆಕ್ಕ ಓದಿದಂತೆ ಎಂದು ಅವರು ಪ್ರತಿಯೊಂದು ನಿಯಮವನ್ನೂ ಹೇಳದ ಬಗೆಯಲ್ಲೇ ಬರೆದರು. ಅವರು ಹಾಕಿಕೊಟ್ಟ ರೂಢಿ ಇನ್ನೊಂದಿತ್ತು. ಕೇಂದ್ರದಲ್ಲಿ ಯಾವ ನಿಯಮವನ್ನೂ ಅಳಿಸುವಂತಿರಲಿಲ್ಲ. ಒಂದು ಊರನ್ನೇ ಅಳಿಸಿಕೊಂಡು ಬಂದವರಿಗೆ ಮತ್ತೆ ಒಂದು ಓಣಿಯ ಹೆಸರನ್ನು ಅಳಿಸುವ ಎದೆಗಾರಿಕೆ ಉಳಿದಿರಲಿಲ್ಲ. ಹೊಸದೇನಿದ್ದರೂ ಪಂಕ್ತಿಯಲ್ಲಿ ಕಿರಿಯರು ಕೂತಂತೆ ಹಳೆಯದರ ಕೆಳಗೆ.

ಹೀಗೆ ಕೆಳಗೆ ಕೆಳಗೆ ಬೆಳೆದ ನಿಯಮಗಳು ಈಗ ಎಷ್ಟಾಗಿದ್ದವೆಂದರೆ, ಗಾಡಿ ಹತ್ತಿ ವಿಳಾಸ ಹೇಳಿದ ಮೇಲೆ ಅದು ಹೊರಡುವ ಮೊದಲು ಅಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿತ್ತು. ಜನ ‘ಗಾಡಿ ಜಪಕ್ಕ ಕುಂತೈತಿ’ ಎಂದು ಎಲೆ ಅಡಿಕೆ ತೆಗೆಯುತ್ತಿದ್ದರು. ಮೇಲಿನ ಕಚೇರಿಗೆ ಈ ಜಪ ಹಿಡಿಸಲಿಲ್ಲ. ನಾಗರ ಪಂಚಮಿಯ ಹೊತ್ತಿಗೆ ಹೇಳದೆ ತಿರುಗಿಸುವ ನಿಯಮಗಳನ್ನೆಲ್ಲ ಹೇಳಿ ತಿರುಗಿಸುವಂತೆ ಮಾಡಬೇಕು, ಯಾರ ಕೋರಿಕೆಯಂತೆ ತಿರುಗಿಸಿದ್ದೆಂಬುದನ್ನೂ ಗಾಡಿ ಸ್ಪಷ್ಟ ದನಿಯಲ್ಲಿ ಹೇಳಬೇಕು, ಜನ ಹೊಸ ನಂಬರುಗಳನ್ನು ಕಲಿಯಬೇಕು ಎಂದು ಆಜ್ಞೆ ಬಂತು. ಪಾರದರ್ಶಕತೆ ಎಂಬ ಮಾತು ಅದರಲ್ಲಿ ಪದೇ ಪದೇ ಬಂದಿತ್ತು.

ನೀಲಾಂಬಿಕೆ ಮೇಲಿನಿಂದ ಓದಿಕೊಂಡು ತಿದ್ದತೊಡಗಿದಳು. ಹಬ್ಬಕ್ಕೆ ಇನ್ನು ಒಂದು ವಾರವಿದೆ ಎನ್ನುವಾಗ ಒಂದು ನಿಯಮದ ಮುಂದೆ ಅವಳ ಕೈ ನಿಂತಿತು. ಸರ್ವರ್‌ನ ಭಾಷೆ ಬಿಟ್ಟು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಹೀಗಿತ್ತು: ಕೇಳುವವಳು ಮುಗಳಿಯ ಚಂದ್ರವ್ವ ಆಗಿದ್ದು, ಕೇಳಿದ್ದು ‘ತವರುಮನೆ’ ಎಂದಾಗಿದ್ದರೆ, ದಸ್ತಗೀರ ಮುಲ್ಲಾ ಅವರ ಮನೆಗೆ ಒಯ್ಯಿ. ಹೇಳಬೇಡ. ಸಾಕು. ಕೋರಿದವರು: ಅಣ್ಣ, ಸಂಗನಬಸಪ್ಪ ಬಣಕಾರ.

ತವರುಮನೆ ಎಂಬುದು ಕೇಂದ್ರಕ್ಕೆ ಹೊಸದೇನಲ್ಲ. ಪಂಚಮಿಯ ದಿನ ಊರಿಗೆ ಬರುವ ಹೆಣ್ಣುಮಕ್ಕಳೆಲ್ಲ ಅದೊಂದೇ ವಿಳಾಸ ಹೇಳುವುದು. ಕೇಳುವವರು ಯಾರೆಂಬುದನ್ನು ನೋಡಿ ಸರ್ವರ್ ಒಬ್ಬೊಬ್ಬರನ್ನು ಒಂದೊಂದು ಮನೆಗೆ ಕಳಿಸುತ್ತದೆ. ಆದರೆ ಬಣಕಾರರ ಮಗಳ ತವರು ಮುಲ್ಲಾ ಸಾಹೇಬರ ಮನೆ ಆದದ್ದು ಯಾವ ಲೆಕ್ಕದಲ್ಲಿ? ಬರುವ ಪಂಚಮಿಗೆ ಆಕೆ ಉಂಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿರುವಾಗ ಗಾಡಿ, ಅಕ್ಕಪಕ್ಕದ ಹೆಣ್ಣುಮಕ್ಕಳೆಲ್ಲ ಕೇಳುವಂತೆ, ನಿಮ್ಮ ಅಣ್ಣನ ಕೋರಿಕೆಯಂತೆ ನಿಮ್ಮನ್ನು ಬೇರೆಯವರ ಮನೆಗೆ ಒಯ್ಯಲಾಗುತ್ತಿದೆ ಎಂದು ಸಾರುತ್ತದೆ. ಪಾರದರ್ಶಕತೆ ಎಂದರೆ ಅದೇ.

ಅವಳು ಅಂದೇ ಸಾಹೇಬರ ಮನೆಗೆ ಹೋದಳು. ನಿವೃತ್ತರಾದ ಮೇಲೆ ಅವರು ಸ್ವಲ್ಪ ದಪ್ಪಗಾಗಿದ್ದರು. ಅಂಗಳದ ಬೇವಿನ ಮರದ ಕೆಳಗೆ ಕೂತು ದಪ್ಪನೆಯ ಹಗ್ಗವನ್ನು ಎಳೆದೆಳೆದು ಪರೀಕ್ಷಿಸುತ್ತಿದ್ದರು. ಪಂಚಮಿಯ ಜೋಕಾಲಿಗೆ ಎಂದರು, ಅದು ತಮ್ಮ ಮನೆಯಲ್ಲಿ ತಲೆತಲಾಂತರದಿಂದ ನಡೆದುಬಂದ ಹಬ್ಬವೆಂಬಂತೆ.

ನೀಲಾಂಬಿಕೆ ನಿಯಮದ ಮಾತೆತ್ತಿದಾಗ ಅವರು ಹಗ್ಗವನ್ನು ಕೆಳಗಿಟ್ಟರು. ಕಥೆ ದೊಡ್ಡದೇನಲ್ಲ. ಊರು ಬಿಡುವ ದಿನ ಲಾರಿಯಲ್ಲಿ ಜಾಗ ಸಾಲದೆ ಸಂಗನಬಸಪ್ಪ ತನ್ನ ತಾಯಿಯ ಬೀಸುವ ಕಲ್ಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ತಾಯಿ ತೀರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಗಂಡನ ಊರು ಮುಗಳಿಯಿಂದ ಓಡಿಬಂದ ತಂಗಿ, ಕಲ್ಲು ಎಲ್ಲಿ ಎಂದು ಕೇಳಿದಳು, ನೀರಿನಲ್ಲಿ ಎಂದ. ಇಡೀ ಓಣಿ ಸಾಮಾನು ಹೇರುತ್ತ ನಿಂತಿತ್ತು. ಅವರೆಲ್ಲರ ಎದುರಿಗೆ ಆಕೆ, ಇವತ್ತಿಗೆ ನನಗೆ ತವರು ಸತ್ತಿತು ಎಂದುಬಿಟ್ಟಳು. ಹಾಗಂದವಳು ವರ್ಷ ತಿರುಗುವಷ್ಟರಲ್ಲಿ ಮರೆತಿರಬಹುದು. ಅನ್ನಿಸಿಕೊಂಡವನು ಮರೆಯಲಿಲ್ಲ. ಮೊದಲ ಪಂಚಮಿಗೆ ಎರಡು ದಿನವಿರುವಾಗ ಕೇಂದ್ರಕ್ಕೆ ಬಂದು, ಅಕಿ ತವರು ಅಂದರೆ ನನ್ನ ಬಾಗಿಲಿಗೆ ತರಬೇಡಿ ಎಂದ.

“ತರಬ್ಯಾಡ್ರಿ ಅಂದ. ಎಲ್ಲಿಗೆ ಒಯ್ಯಬೇಕು ಅಂತ ಹೇಳಲಿಲ್ಲ,” ಎಂದರು ಸಾಹೇಬರು. “ನಿಯಮಕ್ಕ ಒಂದು ಗುರಿ ಬೇಕಲ್ಲವ್ವಾ ನೀಲಕ್ಕಾ. ಗುರಿ ಇಲ್ಲಂದ್ರ ಗಾಡಿ ನಡುದಾರ್ಯಾಗ ನಿಲ್ತೈತಿ. ಹಬ್ಬದ ದಿನ ಹೆಣ್ಮಗಳು ಬುಟ್ಟಿ ಹೊತ್ಕೊಂಡು ನಡುದಾರ್ಯಾಗ ನಿಲ್ಲೂದು ಬ್ಯಾಡ ಅಂತ ನಮ್ಮನಿ ನಂಬರ ಬರದೆ.”

ಬಂದ ಚಂದ್ರವ್ವ ಬಾಗಿಲಲ್ಲಿ ಸಾಹೇಬರ ಹೆಂಡತಿ ಹಸೀನಾಬಿಯನ್ನು ನೋಡಿ ಒಂದು ಗಳಿಗೆ ನಿಂತಳಂತೆ. ಹಸೀನಾಬಿ, ಬಾ ಯವ್ವಾ, ದಾರಿ ನೋಡಿ ನೋಡಿ ಸಾಕಾಗಿತ್ತು ಎಂದಳಂತೆ. ಇವಳು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಆ ವರ್ಷದಿಂದ ಹನ್ನೊಂದು ಪಂಚಮಿ ಹಾಗೆಯೇ ನಡೆದಿದ್ದವು. ಜೋಳದ ಅಳ್ಳು ಹುರಿಯುವುದನ್ನು ಹಸೀನಾಬಿ ಇದಕ್ಕಾಗಿಯೇ ಕಲಿತಿದ್ದಳು. ಆಕೆ ಒಳಗಿನಿಂದ ಚಹಾ ತಂದಿಟ್ಟು, ತನಗೆ ದೇವರು ನಾದಿನಿಯನ್ನು ಕೊಟ್ಟಿರಲಿಲ್ಲ, ಗಾಡಿ ಕೊಟ್ಟಿತು ಎಂದಳು.

ಕೇಂದ್ರಕ್ಕೆ ಮರಳಿದ ನೀಲಾಂಬಿಕೆಗೆ ಏನೋ ಸಮಾಧಾನವಿರಲಿಲ್ಲ. ಚಂದ್ರವ್ವನ ಹೆಸರು ಬೇರೆಲ್ಲಾದರೂ ಇದೆಯೇ ಎಂದು ನೋಡಿದಳು. ಇತ್ತು. ಬಹಳ ಬಹಳ ಕೆಳಗೆ, ಆ ಮೊದಲ ಪಂಚಮಿಯಾದ ಮೂರೇ ತಿಂಗಳಿಗೆ ಬರೆದದ್ದು. ಅಷ್ಟರಲ್ಲಿ ಸಾಹೇಬರು ನಿವೃತ್ತರಾಗಿ, ಈಗ ಬೇರೆ ಜಿಲ್ಲೆಗೆ ಹೋಗಿರುವ ಒಬ್ಬ ಗುಮಾಸ್ತರು ಆ ಕುರ್ಚಿಯಲ್ಲಿದ್ದರು. ನಿಯಮ ಹೀಗಿತ್ತು: ಚಂದ್ರವ್ವ ತವರುಮನೆ ಕೇಳಿದರೆ, ಅಣ್ಣ ಸಂಗನಬಸಪ್ಪ ಎಲ್ಲಿದ್ದಾನೋ ಅಲ್ಲಿಗೆ ಒಯ್ಯಿ. ಆಗ ಅವನು ಒಂದೆಡೆ ನೆಲೆ ನಿಲ್ಲದೆ ಬಾಡಿಗೆ ಮನೆಗಳಲ್ಲಿ ತಿರುಗುತ್ತಿದ್ದನಾದ್ದರಿಂದ ನಂಬರು ಕೊಡುವ ಬದಲು ಹಾಗೆ ಬರೆಸಿದ್ದ.

ಬೇಡ ಎಂದವನು ಮೂರು ತಿಂಗಳಿಗೇ ಬೇಕು ಎಂದಿದ್ದ. ಕೇಂದ್ರ ತನ್ನ ರೂಢಿಯಂತೆ ಹಳೆಯದನ್ನು ಅಳಿಸದೆ ಹೊಸದನ್ನು ಅದರ ಕೆಳಗೆ ಕೂರಿಸಿತ್ತು. ಮೇಲಿನದಕ್ಕೆ ‘ಸಾಕು’ ಎಂಬ ಗುರುತಿತ್ತು. ಹಿರಿಯರಿಗೆ ಕೊಟ್ಟ ಮರ್ಯಾದೆಯಲ್ಲಿ ಒಬ್ಬ ಅಣ್ಣನ ಪಶ್ಚಾತ್ತಾಪ ಹನ್ನೊಂದು ವರ್ಷ ಸರದಿಗಾಗಿ ಕಾಯುತ್ತ ಕೂತಿತ್ತು.

ಮರುದಿನ ಅವಳು ಸಂಗನಬಸಪ್ಪನ ಮನೆ ಹುಡುಕಿಕೊಂಡು ಹೋದಳು. ತೆಳ್ಳಗೆ, ನೆಟ್ಟಗೆ, ನುಡಿದರೆ ಏನೋ ಖರ್ಚಾಗುತ್ತದೆಂಬಂತೆ ಇರುವ ಮನುಷ್ಯ. ಪಡಸಾಲೆಯ ತೊಲೆಗೆ ಅವನೂ ಹಗ್ಗ ಕಟ್ಟುತ್ತಿದ್ದ. ಪ್ರತಿವರ್ಷ ಕಟ್ಟುತ್ತೇನೆ, ನೆರೆಮನೆಯ ಹುಡುಗಿಯರು ಆಡಿಹೋಗುತ್ತಾರೆ ಎಂದ. ತಂಗಿಯ ಮಾತು ಬಂದಾಗ, ತಾನು ದಾರಿ ತೆರೆದಿಟ್ಟಾಗಿದೆ, ಬಾರದವಳು ಅವಳು, ಇನ್ನು ಕರೆಯಲು ಹೋಗಿ ಮುಗಳಿಯವರ ಎದುರು ಮುಖ ಮುರಿಸಿಕೊಳ್ಳುವುದೊಂದು ಬಾಕಿ ಎಂದು ಹಗ್ಗದ ಗಂಟನ್ನೇ ನೋಡುತ್ತ ಹೇಳಿದ. ನೀಲಾಂಬಿಕೆ ನಡೆದದ್ದನ್ನು ವಿವರಿಸಿದಳು. ನಿಯಮಗಳನ್ನು ಮೇಲಿಂದ ಕೆಳಗೆ ಓದುತ್ತಾರೆಂಬುದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅಂದ್ರ ಅಕಿ ವರ್ಷಾ ಬಂದಾಳ.”

“ಬಂದಾರ್ರೀ.”

“ಆ ಮನ್ಯಾಗ ಜೋಕಾಲಿ ಕಟ್ಟತಾರೇನು?”

“ಕಟ್ಟತಾರ.”

ಅವನು ಬಿಗಿದಿದ್ದ ಗಂಟನ್ನು ಬಿಚ್ಚಿ ಮತ್ತೆ ಬಿಗಿದ. ಅದು ಮೊದಲೇ ಸರಿಯಾಗಿತ್ತು.

ಅಂದು ಸಂಜೆಯ ಮೊದಲೇ ನೀಲಾಂಬಿಕೆ ಕೇಂದ್ರದ ರೂಢಿಯನ್ನು ಮುರಿದು ಅಣ್ಣನ ನಿಯಮವನ್ನು ಎತ್ತಿ ಮೇಲೆ ಕೂರಿಸಿ, ಅದರ ಕೊನೆಗೆ ‘ಸಾಕು’ ಎಂಬ ಗುರುತು ಹಾಕಿದಳು. ಇದನ್ನು ಹೇಳುವ ಬಗೆಗೆ ತಿರುಗಿಸಿದರೂ ಕೇಡಿರಲಿಲ್ಲ. ನಿಮ್ಮ ತವರುಮನೆ ಈಗ ನಿಮ್ಮ ಅಣ್ಣ ಇರುವಲ್ಲಿದೆ ಎಂದು ಗಾಡಿ ಸಾರಿದರೆ ಸಾರಲಿ. ಸಾಹೇಬರ ನಿಯಮವನ್ನು ಅಳಿಸಲು ಮಾತ್ರ ಕೈ ಬರಲಿಲ್ಲ; ಕೆಳಗೆ ಬಿಟ್ಟಳು. ಉಳಿದದ್ದು ಹಸೀನಾಬಿಗೆ ತಿಳಿಸುವುದು. ಆಕೆ ಎಲ್ಲವನ್ನೂ ಕೇಳಿ, ಒಳ್ಳೇದಾತು ಬಿಡ್ರಿ ಎಂದಳು. ಆಮೇಲೆ, ಹಾಗಾದರೆ ಈ ಸಲ ಅಳ್ಳು ಹುರಿಯುವುದು ಬೇಡವೇನು ಎಂದು ಕೇಳಿದಳು. ಅದಕ್ಕೆ ನೀಲಾಂಬಿಕೆಯ ಬಳಿ ಯಾವ ನಿಯಮವೂ ಇರಲಿಲ್ಲ. ಸಾಹೇಬರೇ, ಹುರಿದರೆ ತಿನ್ನಲು ನಾನಿದ್ದೇನಲ್ಲ ಎಂದರು. ಜೋಕಾಲಿಯನ್ನೂ ಬಿಚ್ಚಲಿಲ್ಲ.

ಪಂಚಮಿಯ ಬೆಳಿಗ್ಗೆ ಕೇಂದ್ರದ ಗೋಡೆಯ ತುಂಬ ಗಾಡಿಗಳ ಹಸಿರು ಚುಕ್ಕೆಗಳು ಓಡಾಡುತ್ತಿದ್ದವು. ಹತ್ತೂರಿನಿಂದ ಹೆಣ್ಣುಮಕ್ಕಳು ಬರುತ್ತಿದ್ದರು, ಅಣ್ಣಂದಿರು ಕರೆಯಲು ಹೊರಟಿದ್ದರು. ಎಲ್ಲ ಗಾಡಿಗಳೂ ಇಂದು ಮಾತು ಕಲಿತ ಕೂಸುಗಳಂತೆ ಸೆಕ್ಟರು ನಂಬರುಗಳನ್ನು ಒದರುತ್ತಿದ್ದವು. ಜನ ಅದಕ್ಕೆ ಕಿವಿಗೊಡದೆ ಹಾಡು ಹೇಳುತ್ತಿದ್ದರು. ಮುಗಳಿಯ ದಾರಿಯಲ್ಲಿ ಒಂದು ಚುಕ್ಕೆ ಹೊರಟದ್ದನ್ನು ನೀಲಾಂಬಿಕೆ ನೋಡಿದಳು. ಚಂದ್ರವ್ವ. ಚುಕ್ಕೆ ಊರಿನ ಕಡೆಗೆ ಸರಿಯಾಗಿ ಸಾಗಿಬರುತ್ತಿತ್ತು. ಅವಳು ನೆಮ್ಮದಿಯಿಂದ ಚಹಾಕ್ಕೆ ಎದ್ದಳು.

ತಿರುಗಿ ಬರುವಷ್ಟರಲ್ಲಿ ಚುಕ್ಕೆ ಊರಬಾಗಿಲ ವೃತ್ತದಲ್ಲಿ ಕೆಂಪಾಗಿ ನಿಂತಿತ್ತು. ಸಂಗನಬಸಪ್ಪನ ಮನೆಯಿಂದ ಕೂಗಳತೆಯಲ್ಲಿ ಇನ್ನೊಂದು ಚುಕ್ಕೆಯೂ ಕೆಂಪಾಗಿತ್ತು. ಎರಡರ ಪಕ್ಕದಲ್ಲೂ ಒಂದೇ ಸಾಲು: ಹತ್ತು ಸುತ್ತು ಮುಗಿದವು.

ನಡೆದದ್ದೇನೆಂಬುದು ಅವಳಿಗೆ ತಟ್ಟನೆ ಹೊಳೆಯಿತು, ಹೊಳೆದು ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಹಬ್ಬದ ದಿನ ತಂಗಿಯನ್ನು ಕರೆತರುವುದು ಅಣ್ಣನ ಕೆಲಸ. ಮನೆಯಲ್ಲಿ ಕೂತು ದಾರಿ ನೋಡುವುದು ಸಂಗನಬಸಪ್ಪನಿಗೆ ಸಾಧ್ಯವಾಗಿಲ್ಲ. ಗಾಡಿ ಹತ್ತಿ, ನನ್ನ ತಂಗಿ ಎಲ್ಲಿದ್ದಾಳೋ ಅಲ್ಲಿಗೆ ನಡಿ ಎಂದಿದ್ದಾನೆ. ಗಾಡಿಗಳು ಪ್ರತಿ ವೃತ್ತದಲ್ಲೂ ವಿಳಾಸವನ್ನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುತ್ತವೆ. ತಂಗಿಯ ಗಾಡಿ ಕೇಳಿತು: ಎಲ್ಲಿಗೆ? ಅಣ್ಣನಿರುವಲ್ಲಿಗೆ. ಅಣ್ಣನೆಲ್ಲಿಗೆ? ತಂಗಿಯಿರುವಲ್ಲಿಗೆ. ತಂಗಿಯೆಲ್ಲಿಗೆ? ಅಣ್ಣನಿರುವಲ್ಲಿಗೆ. ನಿಯಮಗಳು ಹೀಗೆ ಒಂದರ ಬಾಲವನ್ನು ಇನ್ನೊಂದು ಹಿಡಿದು ತಿರುಗತೊಡಗಿದರೆ ಸರ್ವರ್ ಹತ್ತು ಸುತ್ತಿನವರೆಗೆ ತಾಳುತ್ತದೆ. ಆಮೇಲೆ ಕೈ ಚೆಲ್ಲುತ್ತದೆ. ಅಂಥ ಹೊತ್ತಿಗೆಂದು ಸಾಹೇಬರು ಒಂದು ವಾಕ್ಯ ಬರೆದಿಟ್ಟಿದ್ದರು. ಅದನ್ನು ಊರು ಇಲ್ಲಿಯವರೆಗೆ ಕೇಳಿರಲಿಲ್ಲ: ‘ಈ ದಾರಿ ನನಗೆ ಹತ್ತಲಿಲ್ಲ. ದಯವಿಟ್ಟು ಇಳಿದು ನಡೆಯಿರಿ.’

ನೀಲಾಂಬಿಕೆ ಸ್ಕೂಟರ್ ತೆಗೆದುಕೊಂಡು ವೃತ್ತಕ್ಕೆ ಹೋಗುವಾಗ ಚಂದ್ರವ್ವ ಇಳಿದು ನಡೆಯುತ್ತಲೇ ಇದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಟೊಂಕದ ಮೇಲೆ ಬುಟ್ಟಿ. ನೀಲಾಂಬಿಕೆ ಕೇಂದ್ರದವಳೆಂದು ಪರಿಚಯ ಹೇಳಿಕೊಂಡು ಕ್ಷಮೆ ಕೇಳಹೋದರೆ, ಗಾಡಿ ಕೆಟ್ಟರೆ ಕಾಲು ಕೆಟ್ಟಿಲ್ಲವಲ್ಲ ಎಂದಳು. ತವರಿನ ದಾರಿ ತನಗೆ ಗೊತ್ತಿದೆ ಎಂದು ಬೇವಿನ ಮರದ ಕಡೆ ಕೈ ಮಾಡಿದಳು. ಅದು ಮುಲ್ಲಾ ಸಾಹೇಬರ ಮನೆಯ ದಿಕ್ಕು.

ಇನ್ನು ಹೇಳದೆ ತಿರುಗಿಸುವ ಹಾಗಿರಲಿಲ್ಲ. ನೀಲಾಂಬಿಕೆ ಸ್ಕೂಟರ್ ತಳ್ಳುತ್ತ ಜೊತೆಗೆ ನಡೆದು, ಆ ಮನೆ ಆಕೆಯ ಅಣ್ಣ ಬೇಡವೆಂದದ್ದರಿಂದ ಸಿಕ್ಕ ಮನೆ ಎಂದು ಮೆಲ್ಲಗೆ ಹೇಳಿದಳು.

ಚಂದ್ರವ್ವ ನಡಿಗೆ ನಿಲ್ಲಿಸಲಿಲ್ಲ. “ಬಣಕಾರರ ತವರು ಮುಲ್ಲಾರ ಮನಿ ಹ್ಯಾಂಗಾದೀತು ಅನ್ನೂದು ನನಗ ತಿಳಿಯಾಂಗಿಲ್ಲೇನ ಯವ್ವಾ? ಮೊದಲ್ನೇ ವರ್ಷ ಬಾಗಿಲದಾಗ ನಿಂತಾಗ ತಿಳೀತು. ಅಣ್ಣ ಬ್ಯಾಡಂದಾನ ಅಂತ. ಗಾಡಿ ಬಾಯಿ ಬಿಡಲಿಲ್ಲ. ಆ ಹಸೀನಾಬಿ ವೈನಿನೂ ಬಾಯಿ ಬಿಡಲಿಲ್ಲ. ನಾ ಒಬ್ಬಾಕಿ ಯಾಕ ಬಿಡ್ಲಿ?”

“ಬ್ಯಾಡಂದಾಂವ ಮೂರು ತಿಂಗಳಿಗೇ ಬೇಕಂದಿದ್ದ, ಚಂದ್ರವ್ವಾರ.”

ಈಗ ಆಕೆ ನಿಂತಳು. ಬುಟ್ಟಿಯನ್ನು ಇಳಿಸಿ ದಾರಿಬದಿಯ ಕಲ್ಲಿನ ಮೇಲಿಟ್ಟಳು.

“ಮತ್ತ?”

“ಆ ಮಾತನ್ನ ಕೆಳಗ ಬರದಿದ್ರು. ಗಾಡಿ ಅಷ್ಟು ಕೆಳಗ ಓದಲಿಲ್ಲ.”

“ಓದಿದ್ರ ಅದರಪ್ಪನ ಗಂಟೇನು ಹೋಗ್ತಿತ್ತು,” ಎಂದಳು ಚಂದ್ರವ್ವ. ಸೆರಗಿನಿಂದ ಮುಖವನ್ನೆಲ್ಲ ಒಮ್ಮೆ ಒರೆಸಿಕೊಂಡು, ಬಿಸಿಲು ಜೋರಾಯಿತು ಎಂದು ಬುಟ್ಟಿ ಎತ್ತಿಕೊಂಡಳು. ಬಿಸಿಲೇನೂ ಇರಲಿಲ್ಲ, ಶ್ರಾವಣದ ಮೋಡ ಕವಿದಿತ್ತು.

ಅತ್ತ ಸಂಗನಬಸಪ್ಪನೂ ಇಳಿದು ನಡೆದಿದ್ದ. ತಂಗಿ ಎಲ್ಲಿಗೆ ಹೋಗುವವಳೆಂಬುದು ಅವನಿಗೆ ನೀಲಾಂಬಿಕೆಯಿಂದ ತಿಳಿದಿತ್ತು, ಆ ಮನೆ ಎಲ್ಲಿದೆ ಎಂಬುದು ತಿಳಿದಿರಲಿಲ್ಲ. ನಂಬರು ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಅವನು ಹನ್ನೆರಡು ವರ್ಷದಲ್ಲಿ ಮೊದಲ ಸಲ ಮನುಷ್ಯರನ್ನು ದಾರಿ ಕೇಳಿದ. ಪಂಚಮಿಗೆ ಜೋಕಾಲಿ ಕಟ್ಟುವ ಸಾಬರ ಮನೆಯೇ ಎಂದು ಎಲ್ಲರೂ ಬೆರಳು ತೋರಿಸಿದರು. ನೀಲಾಂಬಿಕೆ, ಚಂದ್ರವ್ವ ಹೋಗಿ ಮುಟ್ಟುವಾಗ ಅವನು ಬೇವಿನ ಮರದ ಕೆಳಗೆ ಹೊರಸಿನ ತುದಿಯಲ್ಲಿ ಕೂತಿದ್ದ. ಹಸೀನಾಬಿ ಬಲವಂತವಾಗಿ ಕೈಗಿಟ್ಟ ಅಳ್ಳಿನ ಬಟ್ಟಲನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದ. ಸಾಹೇಬರು ಅವನೊಂದಿಗೆ ಮಳೆಯ ವಿಷಯ ಮಾತಾಡುತ್ತಿದ್ದರು, ಒಬ್ಬರೇ.

ತಂಗಿಯನ್ನು ಕಂಡು ಅವನು ಎದ್ದು ನಿಂತ. ಬಟ್ಟಲಿನಿಂದ ನಾಲ್ಕು ಅಳ್ಳು ನೆಲಕ್ಕೆ ಬಿದ್ದವು.

“ಬಂದ್ಯಾ?” ಎಂದ.

“ನಾ ವರ್ಷಾ ಬರತೀನಿ. ನೀ ಯಾಕ ಬಂದಿ ನನ್ನ ತವರಿಗೆ?”

“ಕರಿಯಾಕ ಬಂದೀನಿ” ಎಂದ, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ. ಚಂದ್ರವ್ವ ಬುಟ್ಟಿಯನ್ನು ಹಸೀನಾಬಿಯ ಕೈಗೆ ಕೊಟ್ಟು, ಅದರಿಂದ ಒಂದು ಎಳ್ಳುಂಡಿ ತೆಗೆದು ಅಣ್ಣನ ಬಟ್ಟಲಿಗೆ ಹಾಕಿದಳು. ಜೋಳವನ್ನು ಈಗಲೂ ಗಿರಣಿಗೆ ಹಾಕಿಸಿ ತಿನ್ನುತ್ತೀಯೇನು, ಅವ್ವನ ಕಲ್ಲಿನ ಹಿಟ್ಟಿನ ರುಚಿ ನೆನಪಿದೆಯೇನು ಎಂದು ಕೇಳಿದಳು. ನೆನಪಿದೆ ಎಂದ. ಅವನ ದವಡೆ ಆಡುತ್ತಿತ್ತು. ಉಂಡಿಯನ್ನು ಇನ್ನೂ ಬಾಯಿಗೆ ಇಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ಇಲ್ಲಿ, ಆಮೇಲೆ ನಿನ್ನಲ್ಲಿಗೆ, ವೈನಿಯೂ ಬರಬೇಕು ಎಂದು ಚಂದ್ರವ್ವ ತೀರ್ಪು ಕೊಟ್ಟು ಜೋಕಾಲಿಯ ಮೇಲೆ ಕೂತಳು. ತೂಗುವವರು ಯಾರೆಂದು ನೋಡುತ್ತ ಸ್ವಲ್ಪ ಹೊತ್ತು ಹಾಗೆಯೇ ಕಾದಳು. ಸಂಗನಬಸಪ್ಪ ಬಟ್ಟಲನ್ನು ಹೊರಸಿನ ಮೇಲಿಟ್ಟು ಹಗ್ಗಕ್ಕೆ ಕೈ ಹಾಕಿದ.

ಹಬ್ಬ ಕಳೆದು ಮೇಲಿನ ಕಚೇರಿಯಿಂದ ವಿಚಾರಣೆ ಬಂತು. ಎರಡು ಗಾಡಿಗಳು ಹತ್ತು ಸುತ್ತು ಸುತ್ತಿ ನಿಂತದ್ದೇಕೆ, ಇದು ಮರುಕಳಿಸದಂತೆ ಏನು ಕ್ರಮ ಕೈಗೊಳ್ಳಲಾಗಿದೆ? ನಿಯಮಗಳ ಕ್ರಮವನ್ನು ಸರಿಪಡಿಸಲಾಗಿದೆ ಎಂದು ನೀಲಾಂಬಿಕೆ ಉತ್ತರ ಕಳಿಸಿದಳು. ನಿಜವನ್ನೇ ಕಳಿಸಿದ್ದಳು. ಚಂದ್ರವ್ವ ತವರುಮನೆ ಕೇಳಿದರೆ ಅಣ್ಣನ ಮನೆಗೆ ಒಯ್ಯಿ ಎಂದು, ಸುತ್ತು ಬೀಳದಂತೆ, ಈ ಸಲ ಮನೆಯ ನಂಬರನ್ನೇ ಕೊಟ್ಟು ಬರೆದಿದ್ದಳು. ಅದರ ಕೆಳಗೆ, ಅಲ್ಲಿಂದ ಮುಂದೆ ಮುಲ್ಲಾ ಸಾಹೇಬರ ಮನೆಗೆ ಒಯ್ಯಿ ಎಂದು ಇನ್ನೊಂದು. ಎರಡೂ ಹೇಳಿ ತಿರುಗಿಸುವ ಬಗೆಯವೇ. ಆಜ್ಞೆಗೆ ಎಲ್ಲೂ ಭಂಗವಿರಲಿಲ್ಲ.

ಮೊದಲನೆಯದರ ಕೊನೆಗೆ ‘ಸಾಕು’ ಎಂಬ ಗುರುತನ್ನು ಮಾತ್ರ ಅವಳು ಹಾಕಲಿಲ್ಲ.